ವಿಮಾನದೊಳಗಿನ ಗಾಳಿ, ಪಕ್ಕದ ಸೀಟಿನ ಉಸಿರು

2020ರ ಮೇ 12ರಂದು ದುಬೈನಿಂದ ಹೊರಟ ವಿಶೇಷ ವಿಮಾನವೊಂದು ರಾತ್ರಿ ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಕೊರೊನಾ ಲಾಕ್‌ಡೌನಿನಿಂದ ವಿದೇಶಗಳಲ್ಲಿ ಸಿಲುಕಿದ್ದ ಭಾರತೀಯರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆಯಡಿ ನಮ್ಮ ಕರಾವಳಿಗೆ ಬಂದ ಮೊದಲ ವಿಮಾನ ಅದು. ಅದರಲ್ಲಿ 170ಕ್ಕೂ ಹೆಚ್ಚು ಮಂದಿಯಿದ್ದರು. ರೋಗಲಕ್ಷಣ ಇಲ್ಲದವರನ್ನು ಮಾತ್ರ ಹತ್ತಿಸಿಕೊಳ್ಳಬೇಕೆಂಬುದು ಆಗಿನ ನಿಯಮವಾಗಿತ್ತು. ಆದರೂ ಮೂರು ದಿನ ಕಳೆಯುವಷ್ಟರಲ್ಲಿ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕ್ವಾರಂಟೈನ್ ಕೇಂದ್ರಗಳಲ್ಲಿದ್ದ ಆ ಪ್ರಯಾಣಿಕರ ಪೈಕಿ ಸುಮಾರು 20 ಮಂದಿಗೆ ಕೊರೊನಾ ಸೋಂಕು ದೃಢಪಟ್ಟಿತು. ಇಂಥ ಸುದ್ದಿ ಕೇಳಿದಾಗ ಯಾರಿಗಾದರೂ ಮೊದಲು ತೋಚುವುದು ಒಂದೇ: ಮುಚ್ಚಿದ ಆ ಕೊಳವೆಯೊಳಗೆ ಮೂರೂವರೆ ಗಂಟೆ ಒಟ್ಟಿಗೆ ಕೂತದ್ದರಿಂದಲೇ ಒಬ್ಬರಿಂದ ಇಪ್ಪತ್ತು ಮಂದಿಗೆ ಹರಡಿರಬೇಕು.

ಆದರೆ ವೈರಾಣುವಿನ ಲೆಕ್ಕ ಹಾಗೆ ನಡೆಯುವುದಿಲ್ಲ. ಅಂದಿನ ಕೊರೊನಾ ತಳಿ ದೇಹವನ್ನು ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ದಿನ ಬೇಕಾಗುತ್ತಿತ್ತು. ಮೂಗು, ಗಂಟಲಿನ ದ್ರವದ ಪರೀಕ್ಷೆಯಲ್ಲಿ ಸಿಕ್ಕಿಬೀಳುವಷ್ಟು ವೈರಾಣು ಬೆಳೆಯುವುದಕ್ಕೂ ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತಿತ್ತು. ಇಳಿದ ಮರುದಿನವೋ ಅದರ ಮರುದಿನವೋ ತೆಗೆದ ಮಾದರಿಯಲ್ಲಿ ಸೋಂಕು ಕಂಡರೆ, ಅದು ವಿಮಾನ ಹತ್ತುವ ಮೊದಲೇ, ಕಾರ್ಮಿಕರ ಕಿಕ್ಕಿರಿದ ವಸತಿಯಲ್ಲೋ ಹಂಚಿಕೊಂಡ ಕೋಣೆಯಲ್ಲೋ ತಗುಲಿರುವ ಸಂಭವವೇ ಹೆಚ್ಚು. ಸೋಂಕಿತರು ಪ್ರಯಾಣಿಸಿದ ವಿಮಾನ ಬೇರೆ, ಸೋಂಕು ಹರಡಿದ ವಿಮಾನ ಬೇರೆ. ಈ ವ್ಯತ್ಯಾಸ ಮನದಟ್ಟಾಗದೆ ಹೋದರೆ ವಿಮಾನಯಾನದ ಅಪಾಯದ ಕುರಿತ ಯಾವ ಅಂಕಿ ಅಂಶವೂ ಅರ್ಥವಾಗುವುದಿಲ್ಲ.

ಹಾಗಾದರೆ ಹರಡಿದ್ದು ವಿಮಾನದಲ್ಲೇ ಎಂದು ಖಚಿತವಾಗಿ ಹೇಳುವುದು ಹೇಗೆ? ಅದಕ್ಕೆ ಅಪರೂಪದ ಸನ್ನಿವೇಶವೊಂದು ಒದಗಿಬರಬೇಕು. 2020ರ ಸೆಪ್ಟೆಂಬರ್ 29ರಂದು ದುಬೈನಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ವಿಮಾನದಲ್ಲಿ ಅಂಥ ಸನ್ನಿವೇಶವಿತ್ತು. ಆ ದೇಶದಲ್ಲಿ ಆಗ ಸೋಂಕು ಹೆಚ್ಚುಕಡಿಮೆ ಇರಲಿಲ್ಲ. ಬಂದಿಳಿದ ಎಲ್ಲರನ್ನೂ ಸರ್ಕಾರದ ನಿಗಾದಲ್ಲಿ 14 ದಿನ ಇರಿಸಿ ಮತ್ತೆ ಮತ್ತೆ ಪರೀಕ್ಷಿಸಲಾಗುತ್ತಿತ್ತು. 86 ಪ್ರಯಾಣಿಕರಲ್ಲಿ ಏಳು ಮಂದಿಗೆ ಸೋಂಕು ಕಂಡಿತು. ಅವರು ಬೇರೆ ಬೇರೆ ದೇಶಗಳಿಂದ ಹೊರಟು ದುಬೈಗೆ ಬಂದವರು, ಹಲವರ ಬಳಿ ಸೋಂಕಿಲ್ಲವೆಂಬ ವರದಿಯೂ ಇತ್ತು. ಆದರೆ ವೈರಾಣುವಿನ ಜೀನೋಮನ್ನು, ಅಂದರೆ ಅದರ ವಂಶವಾಹಿ ಬರಹವನ್ನು, ಅಕ್ಷರ ಅಕ್ಷರವಾಗಿ ಓದಿ ನೋಡಿದಾಗ ಏಳೂ ಮಂದಿಯದ್ದು ಬಹುತೇಕ ಒಂದೇ ಪ್ರತಿಯಾಗಿತ್ತು. ಏಳೂ ಮಂದಿ ಕೂತಿದ್ದದ್ದು ನಾಲ್ಕು ಸಾಲುಗಳ ಅಂತರದೊಳಗೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆಯಾಗಿ ಸೋಂಕು ತಗುಲಿದವರಿಗೆ ಒಂದೇ ಪ್ರತಿಯ ವೈರಾಣು ಸಿಗುವುದು ಅಸಾಧ್ಯಕ್ಕೆ ಹತ್ತಿರದ ಮಾತು. ಕನಿಷ್ಠ ನಾಲ್ವರಿಗೆ ವಿಮಾನದೊಳಗೇ ತಗುಲಿದೆ ಎಂದು ಅಧ್ಯಯನಕಾರರು ತೀರ್ಮಾನಿಸಿದರು. ಆ ವರದಿಯ ಇನ್ನೊಂದು ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಂಧನ ತುಂಬಿಸಿಕೊಳ್ಳಲು ವಿಮಾನ ಕೌಲಾಲಂಪುರದಲ್ಲಿ ನಿಂತಿದ್ದಾಗ, ಗಾಳಿಯ ವ್ಯವಸ್ಥೆಗೆ ಶಕ್ತಿ ಕೊಡುವ ಸಹಾಯಕ ಯಂತ್ರವನ್ನು ಸುಮಾರು 30 ನಿಮಿಷ ನಿಲ್ಲಿಸಲಾಗಿತ್ತು. ಪ್ರಯಾಣಿಕರು ಒಳಗೇ ಕೂತಿದ್ದರು.

ಈ ಅಂಶದ ತೂಕ ಗೊತ್ತಾಗಬೇಕಾದರೆ ವಿಮಾನದೊಳಗೆ ಗಾಳಿ ಹೇಗೆ ಸಂಚರಿಸುತ್ತದೆ ಎಂಬುದನ್ನು ತಿಳಿಯಬೇಕು. ಬಹುಪಾಲು ಜೆಟ್ ವಿಮಾನಗಳಲ್ಲಿ ಎಂಜಿನ್ನಿನ ಮುಂಭಾಗದಲ್ಲಿ ಒತ್ತಿ ಬಿಸಿಯಾದ ಹೊರಗಾಳಿಯ ಒಂದು ಪಾಲನ್ನು ಪಕ್ಕಕ್ಕೆ ಸೆಳೆದು, ತಣಿಸಿ ಒಳಗೆ ಬಿಡುತ್ತಾರೆ. ಬೋಯಿಂಗ್ 787ರಲ್ಲಿ ಮಾತ್ರ ಈ ಕೆಲಸಕ್ಕೆ ಪ್ರತ್ಯೇಕ ವಿದ್ಯುತ್ ಯಂತ್ರಗಳಿವೆ. ಹೀಗೆ ಬಂದ ಹೊರಗಾಳಿ ಸುಮಾರು ಅರ್ಧ, ಕ್ಯಾಬಿನ್ನಿನಿಂದಲೇ ಹೊರತೆಗೆದು, ಅತಿ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಮೂಲಕ ಹಾಯಿಸಿದ ಗಾಳಿ ಇನ್ನರ್ಧ ಸೇರಿ ತಲೆಯ ಮೇಲಿನ ಕಿಂಡಿಗಳಿಂದ ಇಳಿಯುತ್ತದೆ, ಮತ್ತು ಕಾಲಿನ ಬಳಿ, ಪಕ್ಕದ ಗೋಡೆಗಳ ಬುಡದಲ್ಲಿರುವ ಜಾಲರಿಗಳ ಮೂಲಕ ಹೊರಹೋಗುತ್ತದೆ. ಗಾಳಿ ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಉದ್ದಕ್ಕೆ ಹರಿಯದಂತೆ ಅದನ್ನು ರೂಪಿಸಿದ್ದಾರೆ. ಗಂಟೆಗೆ 20ರಿಂದ 30 ಬಾರಿ, ಅಂದರೆ ಎರಡು ಮೂರು ನಿಮಿಷಕ್ಕೊಮ್ಮೆ, ಕ್ಯಾಬಿನ್ನಿನ ಇಡೀ ಗಾಳಿಯಷ್ಟು ಗಾಳಿ ಬದಲಾಗುತ್ತದೆ. ನಮ್ಮ ಮನೆಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಮತ್ತೆ ಮತ್ತೆ ತಣಿಸುತ್ತದೆ ಎಂಬುದನ್ನು ನೆನೆದರೆ, ಹಾರುತ್ತಿರುವ ವಿಮಾನ ಗಾಳಿಯ ಮಟ್ಟಿಗೆ ಬಹುಪಾಲು ಕಚೇರಿಗಳಿಗಿಂತ, ಕಲ್ಯಾಣಮಂಟಪಗಳಿಗಿಂತ ಎಷ್ಟೋ ಮೇಲು.

ಹೆಪಾ ಫಿಲ್ಟರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ ಎಂದು ಓದಿದವರು, ಕೊರೊನಾ ವೈರಾಣುವಿನ ಗಾತ್ರ ಸುಮಾರು 0.1 ಮೈಕ್ರಾನ್ ಮಾತ್ರ, ಆದ್ದರಿಂದ ಅದು ನುಸುಳಿಹೋಗುತ್ತದೆ ಎಂದು ವಾದಿಸುವುದುಂಟು. ಫಿಲ್ಟರ್ ಎಂದರೆ ಜರಡಿ ಎಂದು ಭಾವಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಅದು ಜರಡಿಯಲ್ಲ, ಒತ್ತೊತ್ತಾಗಿ ಹೆಣೆದುಕೊಂಡ ನಾರುಗಳ ದಟ್ಟ ಪೊದೆ. ದೊಡ್ಡ ಕಣಗಳು ಗಾಳಿ ತಿರುಗಿದಲ್ಲಿ ತಾವೂ ತಿರುಗಲಾರದೆ ನಾರಿಗೆ ಢಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ತಡವರಿಸುತ್ತಾ ಸಾಗುವಾಗ ಯಾವುದಾದರೊಂದು ನಾರಿಗೆ ತಾಗಿಯೇ ತಾಗುತ್ತವೆ. ಇವೆರಡರ ನಡುವಿನ 0.3 ಮೈಕ್ರಾನಿನ ಆಸುಪಾಸಿನ ಗಾತ್ರವೇ ಹಿಡಿಯಲು ಅತಿ ಕಷ್ಟ. ಆ ಕಷ್ಟದ ಗಾತ್ರದಲ್ಲೇ ಪರೀಕ್ಷೆ ನಡೆಸಿ ಅಂಕ ಕೊಡುತ್ತಾರೆ. ಜತೆಗೆ, ವೈರಾಣು ಗಾಳಿಯಲ್ಲಿ ಒಂಟಿಯಾಗಿ ಹಾರಾಡುವುದಿಲ್ಲ, ಉಸಿರಿನ ಸೂಕ್ಷ್ಮ ಹನಿಗಳೊಳಗೆ ಸೇರಿಕೊಂಡೇ ಇರುತ್ತದೆ. ಹಾಗಾಗಿ ಫಿಲ್ಟರಿನವರೆಗೆ ತಲುಪಿದ ವೈರಾಣುವಿನ ಬಗ್ಗೆ ಚಿಂತೆ ಬೇಡ. ಹಳೆಯ ಕೆಲವು ಸಣ್ಣ ವಿಮಾನಗಳಲ್ಲಿ ಈ ಫಿಲ್ಟರ್ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಚಿಂತಿಸಬೇಕಾದದ್ದು ಫಿಲ್ಟರಿನವರೆಗೆ ತಲುಪುವ ಮುನ್ನ ನಮ್ಮ ಮೂಗನ್ನು ತಲುಪುವ ಉಸಿರಿನ ಬಗ್ಗೆ. ದೇವರ ಕೋಣೆಯ ಮೂಲೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಎಷ್ಟೇ ಜೋರಾಗಿ ತಿರುಗುತ್ತಿರಲಿ, ನಮ್ಮ ಮಗ್ಗುಲಲ್ಲೇ ಕೂತವರು ಊದುಬತ್ತಿ ಹಚ್ಚಿದರೆ ಹೊಗೆ ಮೊದಲು ಬರುವುದು ನಮ್ಮ ಮುಖಕ್ಕೆ. ಫ್ಯಾನ್ ಮಾಡುವ ಉಪಕಾರವೆಂದರೆ, ಆ ಹೊಗೆ ಇಡೀ ಕೋಣೆಯಲ್ಲಿ ತುಂಬಿ ನಿಲ್ಲದ ಹಾಗೆ ನೋಡಿಕೊಳ್ಳುವುದು. ವಿಮಾನದಲ್ಲಿ ಆಗುವುದೂ ಇದೇ. ಮೂವತ್ತನೇ ಸಾಲಿನವರು ಕೆಮ್ಮಿದರೆ ಐದನೇ ಸಾಲಿನವರಿಗೆ ಅಪಾಯ ತೀರಾ ಕಡಿಮೆ. ಮಗ್ಗುಲಲ್ಲಿ, ಹಿಂದೆ, ಮುಂದೆ ಕೂತವರಿಗೆ ಎಷ್ಟೇ ಗಾಳಿ ಬದಲಾದರೂ ಅಪಾಯ ಉಳಿದೇ ಉಳಿಯುತ್ತದೆ. ಸಾಲುಗಳ ನಡುವಿನ ಅಂತರವನ್ನು ಒಂದು ಮೀಟರಿಗೂ ಕಡಿಮೆಗೆ ಇಳಿಸಿರುವ ವಿಮಾನದಲ್ಲಿ ಈ ಹತ್ತಿರದವರ ಸಂಖ್ಯೆ ಸಣ್ಣದಲ್ಲ.

ಗಾಳಿ ನಿಂತರೆ ಏನಾಗುತ್ತದೆ ಎಂಬುದಕ್ಕೆ 1977ರ ಅಲಾಸ್ಕಾದ ಪ್ರಕರಣವನ್ನು ತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಎಂಜಿನ್ ತೊಂದರೆಯಿಂದ ವಿಮಾನವೊಂದು ಗಂಟೆಗಟ್ಟಲೆ ನೆಲದ ಮೇಲೇ ನಿಂತಿತ್ತು. ಒಳಗೆ ಫ್ಲೂ ಜ್ವರದಿಂದ ಕೆಮ್ಮುತ್ತಿದ್ದ ಒಬ್ಬ ಪ್ರಯಾಣಿಕರಿದ್ದರು. ಗಾಳಿಯ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ಮೂರು ದಿನಗಳೊಳಗೆ ಆ ವಿಮಾನದಲ್ಲಿದ್ದವರಲ್ಲಿ ಶೇ. 72ರಷ್ಟು ಮಂದಿ ಹಾಸಿಗೆ ಹಿಡಿದರು. ಒಳಗೆ ಹೆಚ್ಚು ಹೊತ್ತು ಕೂತವರಿಗೆ ಹೆಚ್ಚು, ಕೆಳಗಿಳಿದು ನಿಲ್ದಾಣದಲ್ಲಿ ಕಾದವರಿಗೆ ಕಡಿಮೆ. ವಿಮಾನ ಹಾರುತ್ತಿದ್ದಾಗ ಸಿಗುವ ರಕ್ಷಣೆ ವಿಮಾನದ್ದಲ್ಲ, ಗಾಳಿಯದ್ದು ಎಂಬುದು ಅಂದೇ ಸ್ಪಷ್ಟವಾಗಿತ್ತು. ಆದ್ದರಿಂದಲೇ, ಜನ ಹತ್ತುವಾಗ, ಹೊರಡಲು ಅನುಮತಿ ಸಿಗದೆ ಬಾಗಿಲು ಮುಚ್ಚಿಕೊಂಡು ಕಾಯುವಾಗ, ಇಳಿಯುವಾಗ ಗಾಳಿಯನ್ನು ನಿಲ್ಲಿಸಕೂಡದೆಂಬ ಬೇಡಿಕೆ ಸಾಂಕ್ರಾಮಿಕದ ದಿನಗಳಲ್ಲಿ ಬಲವಾಗಿ ಕೇಳಿಬಂತು. ಕೂತಲ್ಲೇ ಸೆಖೆಯಾಗುತ್ತಿದೆ, ತಲೆಯ ಮೇಲಿನ ಸಣ್ಣ ನಳಿಕೆಯಿಂದ ಗಾಳಿ ಬರುತ್ತಿಲ್ಲ ಎಂದರೆ ಸಿಬ್ಬಂದಿಯನ್ನು ಕರೆದು ಕೇಳುವುದು ಪ್ರಯಾಣಿಕರ ಹಕ್ಕೇ ಹೊರತು ಕಿರಿಕಿರಿಯಲ್ಲ.

ಗಾಳಿ ಸರಿಯಾಗಿದ್ದಾಗಲೂ ಸೋಂಕು ಹರಡಿದ ಪ್ರಕರಣಗಳಿವೆ. 2003ರ ಮಾರ್ಚ್ 15ರಂದು ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹಾರಿದ ವಿಮಾನದಲ್ಲಿ, ಕೊರೊನಾ ಕುಟುಂಬದ್ದೇ ಇನ್ನೊಂದು ವೈರಾಣುವಿನಿಂದ ಬರುವ ಸಾರ್ಸ್ ಎಂಬ ಉಸಿರಾಟದ ಕಾಯಿಲೆಯ ರೋಗಿಯೊಬ್ಬರಿದ್ದರು. ಕೇವಲ ಮೂರು ಗಂಟೆಯ ಆ ಪ್ರಯಾಣದ ನಂತರ 22 ಮಂದಿ ರೋಗಕ್ಕೆ ತುತ್ತಾದರು. ಅವರಲ್ಲಿ ಕೆಲವರು ರೋಗಿಗಿಂತ ಏಳು ಸಾಲು ಮುಂದೆ ಕೂತಿದ್ದವರು. 2020ರ ಮಾರ್ಚ್ 1ರಂದು ಲಂಡನ್ನಿನಿಂದ ಹನೋಯಿಗೆ ಹೊರಟ, ಹತ್ತು ಗಂಟೆ ಹಾರಿದ ವಿಮಾನದಲ್ಲಿ ಗಂಟಲು ನೋವು, ಕೆಮ್ಮು ಇದ್ದ ಒಬ್ಬ ಮಹಿಳೆಯಿಂದ 15 ಮಂದಿಗೆ ಕೊರೊನಾ ಹರಡಿತು. ಅವರಲ್ಲಿ 12 ಮಂದಿ ಆಕೆಯೊಂದಿಗೆ ಬಿಸಿನೆಸ್ ದರ್ಜೆಯಲ್ಲೇ ಕೂತಿದ್ದವರು. ಅಗಲವಾದ ಸೀಟು, ಕಾಲು ಚಾಚುವ ಜಾಗ, ಹೆಚ್ಚು ಬೆಲೆಯ ಟಿಕೆಟ್ ಯಾವುದೂ ಅವರನ್ನು ಕಾಯಲಿಲ್ಲ. ಆಗ ಮಾಸ್ಕ್ ಕಡ್ಡಾಯವಾಗಿರಲಿಲ್ಲ.

ಇದಕ್ಕೆ ಎದುರಾಗಿ 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌನಿಂದ ಕೆನಡಾದ ಟೊರಾಂಟೊಗೆ 15 ಗಂಟೆ ಹಾರಿದ ವಿಮಾನವನ್ನು ಇಡಬಹುದು. ಸುಮಾರು 350 ಮಂದಿಯಿದ್ದ ಆ ವಿಮಾನದಲ್ಲಿ ಒಣಕೆಮ್ಮಿನ ಸೋಂಕಿತರೊಬ್ಬರಿದ್ದರೂ, ಹತ್ತಿರ ಕೂತವರನ್ನು ಹುಡುಕಿ ಗಮನಿಸಿದಾಗ ಯಾರಿಗೂ ಹರಡಿದ್ದು ಕಾಣಲಿಲ್ಲ. ಆ ಸೋಂಕಿತರು ದಾರಿಯುದ್ದಕ್ಕೂ ಮಾಸ್ಕ್ ಧರಿಸಿದ್ದರು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಇಟಲಿಯ ಮಿಲಾನ್‌ನಿಂದ 299 ಕೊರಿಯನ್ನರನ್ನು ಕರೆತಂದ ವಿಮಾನದಲ್ಲಿ ಎಲ್ಲರಿಗೂ ಎನ್‌95 ಮಾಸ್ಕ್ ಕೊಡಲಾಗಿತ್ತು. ಲಕ್ಷಣವಿಲ್ಲದ ಆರು ಸೋಂಕಿತರಿದ್ದ ಆ ಪ್ರಯಾಣದಲ್ಲಿ ಹೊಸದಾಗಿ ಸೋಂಕು ತಗುಲಿದ್ದು ಒಬ್ಬ ಮಹಿಳೆಗೆ ಮಾತ್ರ. ಆಕೆ ಮಾಸ್ಕ್ ತೆಗೆದಿದ್ದದ್ದು ಸೋಂಕಿತರೊಬ್ಬರೂ ಬಳಸಿದ್ದ ಶೌಚಾಲಯದಲ್ಲಿ. ಒಂದೊಂದು ವಿಮಾನದ ಕಥೆಯಿಂದ ನಿಯಮ ಹುಟ್ಟುವುದಿಲ್ಲ ನಿಜ, ಆದರೆ ಈ ನಾಲ್ಕನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮಾಸ್ಕಿನ ಬೆಲೆ ತಿಳಿಯದೆ ಇರದು.

ಹೀಗಿರುವಾಗ 2020ರ ಅಕ್ಟೋಬರಿನಲ್ಲಿ ಪ್ರಪಂಚದೆಲ್ಲೆಡೆ ಓಡಾಡಿದ ಎರಡು ಸಂಖ್ಯೆಗಳನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಮೊದಲನೆಯದು ಅಮೆರಿಕದ ರಕ್ಷಣಾ ಇಲಾಖೆಯ ಪ್ರಯೋಗದ್ದು. ಬೋಯಿಂಗ್ 767 ಮತ್ತು 777 ವಿಮಾನಗಳಲ್ಲಿ ಕೂರಿಸಿದ ಬೊಂಬೆಯ ಬಾಯಿಂದ ಹೊಳೆಯುವ ಸೂಕ್ಷ್ಮಕಣಗಳನ್ನು ಮುನ್ನೂರಕ್ಕೂ ಹೆಚ್ಚು ಸಲ ಬಿಟ್ಟು, ಸುತ್ತಲಿನ ಸೀಟುಗಳನ್ನು ಎಷ್ಟು ತಲುಪುತ್ತವೆ ಎಂದು ಅಳೆದರು; ಸೋಂಕು ತಗುಲಬೇಕಾದರೆ ಸೋಂಕಿತರ ಪಕ್ಕದಲ್ಲಿ 54 ಗಂಟೆ ಹಾರಬೇಕು ಎಂಬ ಅಂದಾಜು ಹೊರಬಿತ್ತು. ಪ್ರಯೋಗ ಪ್ರಾಮಾಣಿಕವಾದದ್ದೇ. ಆದರೆ ಆ ಬೊಂಬೆ ನೇರವಾಗಿ ಮುಂದೆ ನೋಡುತ್ತಾ ಕೂತಿರುತ್ತದೆ. ಅದು ಪಕ್ಕದವರತ್ತ ತಿರುಗಿ ಮಾತಾಡುವುದಿಲ್ಲ, ಊಟ ಮಾಡುವುದಿಲ್ಲ, ಶೌಚಾಲಯದ ಸಾಲಿನಲ್ಲಿ ನಿಲ್ಲುವುದಿಲ್ಲ, ಬ್ಯಾಗು ಇಳಿಸಲು ಇನ್ನೊಬ್ಬರ ತಲೆಯ ಮೇಲೆ ಬಾಗುವುದಿಲ್ಲ. ವಿಮಾನದಲ್ಲಿ ಸೋಂಕಿತರು ಒಬ್ಬರೇ ಇರುತ್ತಾರೆಂಬುದೂ ಅಲ್ಲಿನ ಊಹೆ.

ಎರಡನೆಯದು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಯಾಟಾ, ಕೊಟ್ಟ ಲೆಕ್ಕ. ಆ ವರ್ಷ 120 ಕೋಟಿ ಪ್ರಯಾಣಿಕರಲ್ಲಿ ವಿಮಾನದಲ್ಲಿ ಸೋಂಕು ತಗುಲಿರಬಹುದಾದವರೆಂದು ದಾಖಲಾದವರು 44 ಮಂದಿ, ಆದ್ದರಿಂದ ಅಪಾಯ 2.7 ಕೋಟಿಗೆ ಒಂದು ಎಂಬುದು ಅದರ ಸಾರ. ಇಲ್ಲಿ ಮೇಲಿನ ಸಂಖ್ಯೆ ಯಾರೋ ಬೆನ್ನುಹತ್ತಿ ಪತ್ತೆಮಾಡಿ ಪ್ರಕಟಿಸಿದ ಪ್ರಕರಣಗಳದ್ದು. ಕೆಳಗಿನ ಸಂಖ್ಯೆ ಹಾರಿದ ಎಲ್ಲರದ್ದು. ಆದರೆ ಆ 120 ಕೋಟಿಯಲ್ಲಿ ಪ್ರಯಾಣದ ನಂತರ ಪರೀಕ್ಷೆಗೆ ಒಳಗಾದವರು ಎಷ್ಟು ಮಂದಿ? ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿ, ಐದು ದಿನದ ನಂತರ ಜ್ವರ ಬಂದು, ಮನೆಯಲ್ಲೇ ಮಲಗಿ ಗುಣವಾದವರು ಯಾವ ಪಟ್ಟಿಯಲ್ಲೂ ಇಲ್ಲ. ಬಲೆ ಬೀಸದ ಕೆರೆಯಲ್ಲಿ ಮೀನಿಲ್ಲ ಎಂದು ಹೇಳಿದ ಹಾಗಾಯಿತು. ಈ ಲೆಕ್ಕಕ್ಕೆ ಆಧಾರವಾದ ಅಧ್ಯಯನದಲ್ಲಿ ತೊಡಗಿದ್ದ ವೈದ್ಯವಿಜ್ಞಾನಿ ಡೇವಿಡ್ ಫ್ರೀಡ್‌ಮನ್ ಅವರೇ ಇಂಥ ಭಾಗಾಕಾರವನ್ನು ಒಪ್ಪಲಿಲ್ಲ. ಇತ್ತ ಎಂಐಟಿ ವಿಶ್ವವಿದ್ಯಾಲಯದ ಆರ್ನಾಲ್ಡ್ ಬಾರ್ನೆಟ್ ಅವರು 2020ರ ಬೇಸಿಗೆಯ ಅಮೆರಿಕದ ಸ್ಥಿತಿಯನ್ನು ಆಧರಿಸಿ, ತುಂಬಿದ ವಿಮಾನದಲ್ಲಿ ಎರಡು ಗಂಟೆ ಹಾರುವವರ ಅಪಾಯ ಸುಮಾರು 4,300ಕ್ಕೆ ಒಂದು, ನಡುವಿನ ಸೀಟು ಖಾಲಿ ಬಿಟ್ಟರೆ 7,700ಕ್ಕೆ ಒಂದು ಎಂದು ಅಂದಾಜಿಸಿದ್ದರು. ಅದೂ ಊಹೆಗಳ ಮೇಲೆ ನಿಂತ ಲೆಕ್ಕವೇ. ಆದರೆ 2.7 ಕೋಟಿಗೂ 4,300ಕ್ಕೂ ನಡುವಿನ ಅಗಾಧ ಅಂತರವನ್ನು ನೋಡಿದರೆ, ಯಾರಾದರೂ ಒಂದೇ ಸಂಖ್ಯೆ ಹೇಳಿ ಧೈರ್ಯ ತುಂಬಲು ಬಂದಾಗ ಅದು ಯಾವ ಊರಿನ, ಯಾವ ತಿಂಗಳಿನ, ಮಾಸ್ಕ್ ಇದ್ದ ಕಾಲದ ಲೆಕ್ಕವೋ ಇಲ್ಲದ ಕಾಲದ್ದೋ ಎಂದು ಕೇಳುವುದು ಅಗತ್ಯ ಎಂದು ನನಗನ್ನಿಸುತ್ತದೆ. ಅಪಾಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಹೊರಡುವ ಊರಿನಲ್ಲಿ ಆ ವಾರ ಸೋಂಕು ಎಷ್ಟಿದೆ ಎಂಬುದು; ನೂರಕ್ಕೆ ಒಬ್ಬರಿಗೆ ಸೋಂಕಿರುವ ಊರಿನಿಂದ 180 ಸೀಟುಗಳ ವಿಮಾನ ತುಂಬಿ ಹೊರಟರೆ ಒಬ್ಬಿಬ್ಬರು ಸೋಂಕಿತರು ಅದರಲ್ಲಿ ಇರುತ್ತಾರೆಂದೇ ಎಣಿಸಬೇಕು.

ಯಾವ ಸೀಟು ಮೇಲು ಎಂಬ ಪ್ರಶ್ನೆಗೆ ಕೊರೊನಾಕ್ಕೂ ಮೊದಲೇ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತ್ತು. ಸಂಶೋಧಕರು ಅಮೆರಿಕದ ಹತ್ತು ದೂರದ ವಿಮಾನಗಳಲ್ಲಿ ಕೂತು, ಯಾರು ಎಷ್ಟು ಸಲ ಎದ್ದರು, ಯಾರ ಹತ್ತಿರ ಹಾದುಹೋದರು ಎಂದು ಬರೆದುಕೊಂಡರು. ಕಿಟಕಿ ಸೀಟಿನವರ ಸನಿಹಕ್ಕೆ ಬಂದವರು ಸರಾಸರಿ 12 ಮಂದಿ. ನಡುವಿನ ಸೀಟಿನವರಿಗೆ 58, ದಾರಿಯ ಪಕ್ಕದವರಿಗೆ 64. ಕಿಟಕಿಯ ಬಳಿ ಕೂತು ಕೊನೆಯವರೆಗೂ ಏಳದಿದ್ದವರು ಎಲ್ಲರಿಗಿಂತ ಸುರಕ್ಷಿತರು.

ಭಾರತದಲ್ಲಿ ಎರಡು ತಿಂಗಳು ನಿಂತಿದ್ದ ದೇಶೀಯ ವಿಮಾನಗಳು 2020ರ ಮೇ 25ರಂದು ಮತ್ತೆ ಹಾರತೊಡಗಿದಾಗ ಸೀಟಿನ ವಿಷಯವೇ ದೊಡ್ಡ ಚರ್ಚೆಯಾಯಿತು. ಸಾಧ್ಯವಾದಷ್ಟೂ ನಡುವಿನ ಸೀಟನ್ನು ಖಾಲಿ ಬಿಡಬೇಕು, ಆಗದಿದ್ದರೆ ಅಲ್ಲಿ ಕೂರುವವರಿಗೆ ಮೈಮುಚ್ಚುವ ಗೌನ್ ಕೊಡಬೇಕು ಎಂದು ವಿಮಾನಯಾನ ಮಹಾನಿರ್ದೇಶನಾಲಯ ಜೂನ್ ಮೊದಲ ದಿನ ಆದೇಶಿಸಿತು. ವಿಮಾನ ಹತ್ತುವ ಮುನ್ನ ಕೈಗೆ ಬರುತ್ತಿದ್ದ ಕಿಟ್ಟನ್ನು ಹಲವರು ಮರೆತಿರಲಾರರು: ಒಂದು ಮಾಸ್ಕ್, ಹಣೆಗೆ ಸ್ಪಂಜು ಒತ್ತುವ ಪಾರದರ್ಶಕ ಫೇಸ್ ಶೀಲ್ಡ್, ಸ್ಯಾನಿಟೈಸರಿನ ಪುಟ್ಟ ಪೊಟ್ಟಣ, ನಡುವಿನ ಸೀಟಿನವರಿಗೆ ಮಾತ್ರ ಸರಸರ ಸದ್ದು ಮಾಡುವ ತೆಳು ಗೌನ್. ಹತ್ತು ನಿಮಿಷದಲ್ಲಿ ಶೀಲ್ಡ್ ಮಂಜಾಗಿ, ಸೀಟ್ ನಂಬರ್ ಓದಲು ಅದನ್ನು ಮೇಲೆತ್ತಬೇಕಾಗುತ್ತಿತ್ತು. ಬಟ್ಟೆಗೆ ತಾಗುವ ವೈರಾಣುವನ್ನು ತಡೆಯುವುದು ಗೌನಿನ ಉದ್ದೇಶ; ಆದರೆ ನಿಜವಾದ ಅಪಾಯ ಉಸಿರಿನದ್ದಾಗಿತ್ತು. ಅಂದು ವೈರಾಣು ಗಾಳಿಯಲ್ಲಿ ತೇಲಿ ಹರಡುತ್ತದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳಿರಲಿಲ್ಲವಾದ್ದರಿಂದ ಆದೇಶ ಹೊರಡಿಸಿದವರನ್ನು ದೂರುವುದು ನ್ಯಾಯವಲ್ಲ. ಆದರೂ ಆ ಗೌನಿಗಿಂತ ಮುಖಕ್ಕೆ ಸರಿಯಾಗಿ ಕೂರುವ ಒಂದು ಎನ್‌95 ಮಾಸ್ಕ್ ಎಷ್ಟೋ ಹೆಚ್ಚು ಕೆಲಸ ಮಾಡುತ್ತಿತ್ತು. ದೇಶೀಯ ವಿಮಾನಗಳಲ್ಲಿ ಮೊದಲ ಕೆಲವು ತಿಂಗಳು ಊಟ ಕೊಡದೆ ಇದ್ದದ್ದು ಮಾತ್ರ ಗಟ್ಟಿಯಾದ ಕ್ರಮ. ಊಟದ ಗಾಡಿ ಬಂತೆಂದರೆ ಇಡೀ ಕ್ಯಾಬಿನ್ ಒಂದೇ ಹೊತ್ತಿಗೆ ಮಾಸ್ಕ್ ಕಳಚುತ್ತದೆ. ಅಲ್ಲಿಯವರೆಗಿನ ಎಚ್ಚರವೆಲ್ಲ ಆ ಇಪ್ಪತ್ತು ನಿಮಿಷದಲ್ಲಿ ನೀರುಪಾಲಾಗುತ್ತದೆ. ಪಕ್ಕದವರು ತಿಂದು ಮುಗಿಸಿ ಮಾಸ್ಕ್ ಹಾಕಿಕೊಂಡ ಮೇಲೆ ನಾವು ತಿನ್ನುವುದು ಸರಳವಾದ, ಖರ್ಚಿಲ್ಲದ ಉಪಾಯ.

ವಿಮಾನಯಾನ ಎಂದರೆ ಹಾರುವ ಹೊತ್ತು ಮಾತ್ರವಲ್ಲ ಎಂಬುದನ್ನು ಕಂಪನಿಗಳ ಜಾಹೀರಾತುಗಳು ಹೇಳುವುದಿಲ್ಲ. ಗಾಜು ಏರಿಸಿ ಎ.ಸಿ. ಹಾಕಿದ ಟ್ಯಾಕ್ಸಿಯಲ್ಲಿ ದೇವನಹಳ್ಳಿಯವರೆಗೆ ಒಂದೂವರೆ ಗಂಟೆ, ಭದ್ರತಾ ತಪಾಸಣೆಯ ಸಾಲು, ವಿಮಾನದ ಬಳಿಗೆ ಒಯ್ಯುವ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವುದು, ಏರೋಬ್ರಿಡ್ಜಿನ ಬಿಸಿ ಸುರಂಗದಲ್ಲಿ ಕಾಯುವುದು, ಇಳಿದ ಮೇಲೆ ಬೆಲ್ಟಿನ ಸುತ್ತ ಮುಗಿಬೀಳುವುದು, ಇವೆಲ್ಲ ಸೇರಿದರೆ ಒಂದು ಗಂಟೆಯ ಹಾರಾಟಕ್ಕೆ ನಾಲ್ಕೈದು ಗಂಟೆಯ ಜನಸಂಪರ್ಕ. ಈ ಜಾಗಗಳಲ್ಲಿ ಬಹುಪಾಲಿಗೆ ಹೆಪಾ ಫಿಲ್ಟರೂ ಇಲ್ಲ, ಮೂರು ನಿಮಿಷಕ್ಕೊಮ್ಮೆ ಬದಲಾಗುವ ಗಾಳಿಯೂ ಇಲ್ಲ. ವಿಮಾನ ನಿಂತು ಬೆಲ್ಟಿನ ದೀಪ ಆರಿದ ಕೂಡಲೇ ಎಲ್ಲರೂ ಒಮ್ಮೆಲೇ ಎದ್ದು ದಾರಿಯಲ್ಲಿ ತುಂಬಿಕೊಳ್ಳುತ್ತೇವೆ. ಬಾಗಿಲು ತೆರೆಯುವವರೆಗೆ ಒಬ್ಬರ ಕುತ್ತಿಗೆಗೆ ಇನ್ನೊಬ್ಬರ ಉಸಿರು ತಾಗುತ್ತದೆ. ಆ ಐದು ನಿಮಿಷ ಕೂತೇ ಇರುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ವಯಸ್ಸಾದ ತಂದೆ ತಾಯಿಯನ್ನು ನೋಡಲು ಹೊರಟವರು ಟ್ಯಾಕ್ಸಿಯ ಗಾಜು ಇಳಿಸಿಕೊಂಡು ಹೋಗುವುದು, ಮನೆ ಬಾಗಿಲಿನಿಂದ ಮನೆ ಬಾಗಿಲಿನವರೆಗೆ ಮಾಸ್ಕ್ ಬಿಡದಿರುವುದು, ಕಿಟಕಿ ಸೀಟು ಕೇಳಿ ಪಡೆಯುವುದು, ತಲೆಯ ಮೇಲಿನ ನಳಿಕೆಯನ್ನು ಪೂರ್ತಿ ತೆರೆದು ಗಾಳಿಯನ್ನು ಮುಖದ ಮುಂದೆ ಕೆಳಕ್ಕೆ ಬೀಳುವಂತೆ ತಿರುಗಿಸುವುದು, ತಲುಪಿದ ಮೇಲೆ ಐದಾರು ದಿನ ಹಿರಿಯರೊಂದಿಗೆ ಮುಚ್ಚಿದ ಕೋಣೆಯಲ್ಲಿ ಕೂರದೆ ಜಗಲಿಯಲ್ಲೋ ಅಂಗಳದಲ್ಲೋ ಮಾತಾಡುವುದು, ಇವು ನಮ್ಮ ಕೈಯಲ್ಲಿರುವ ಎಚ್ಚರಗಳು.

ಹೊರಡುವ ಮುನ್ನ ಮಾಡಿಸುವ ಪರೀಕ್ಷೆಯ ಮೇಲೆ ನಾವು ಅತಿಯಾದ ಭರವಸೆ ಇಟ್ಟೆವು. 2021ರ ಏಪ್ರಿಲ್ 4ರಂದು ದೆಹಲಿಯಿಂದ ಹಾಂಗ್‌ಕಾಂಗ್‌ಗೆ ಹೋದ ವಿಮಾನದ ಪ್ರಯಾಣಿಕರೆಲ್ಲ 72 ಗಂಟೆಯೊಳಗೆ ಮಾಡಿಸಿದ ಪರೀಕ್ಷೆಯ, ಸೋಂಕಿಲ್ಲವೆಂಬ ವರದಿ ತೋರಿಸಬೇಕಿತ್ತು. ಅಲ್ಲಿನ ಹೋಟೆಲ್ ಕ್ವಾರಂಟೈನಿನಲ್ಲಿ ದಿನಗಳು ಕಳೆದಂತೆ ಅವರಲ್ಲಿ 50ಕ್ಕೂ ಹೆಚ್ಚು ಮಂದಿಯ ಪರೀಕ್ಷೆ ಪಾಸಿಟಿವ್ ಬಂತು. ಭಾರತದಲ್ಲಿ ಎರಡನೇ ಅಲೆ ಏರುತ್ತಿದ್ದ ವಾರಗಳು ಅವು. ಅದೇ ತಿಂಗಳ 20ರಿಂದ ಹಾಂಗ್‌ಕಾಂಗ್ ಭಾರತದ ವಿಮಾನಗಳನ್ನು ತಡೆಯಿತು. ಜೀನೋಮ್ ಓದಿದಾಗ ಒಂದಲ್ಲ, ಹಲವು ರೂಪಾಂತರಿಗಳು ಸಿಕ್ಕವು. ಅಂದರೆ ಸೋಂಕು ಹೊತ್ತು ಹತ್ತಿದವರು ಒಬ್ಬರಲ್ಲ, ಹಲವರು. ಎಲ್ಲರ ಕೈಯಲ್ಲೂ ಸೋಂಕಿಲ್ಲವೆಂಬ ಕಾಗದವಿತ್ತು. ಮೂರು ದಿನ ಹಿಂದೆ ಮೂಗಿನಲ್ಲಿ ವೈರಾಣು ಸಿಗಲಿಲ್ಲ ಎಂಬುದಷ್ಟೇ ಆ ಕಾಗದದ ಅರ್ಥ. ಅದನ್ನು ಬರೆಸಿಕೊಂಡು ಬಂದ ಸಂಜೆಯಿಂದ ವಿಮಾನ ಹತ್ತುವ ರಾತ್ರಿಯವರೆಗೆ, ಹೊರಡುವ ಗಡಿಬಿಡಿಯಲ್ಲಿ ಅಂಗಡಿಗೆ, ನೆಂಟರ ಮನೆಗೆ ಓಡಾಡುವ ಮೂರು ದಿನ ಇರುತ್ತವೆ.